ಏಳು ಲಕ್ಷ ನಲವತ್ತೆರಡು ಸಾವಿರ ಮತ್ತು ಒಂದು ಉದ್ದ ನೋಟ್‌ಬುಕ್

2021ರ ಜೂನ್‌ನಲ್ಲಿ ನಾನು ಫೋನನ್ನು ಸೈಲೆಂಟ್‌ಗೆ ಹಾಕಿ ಅಕ್ಕಿ ಡಬ್ಬದ ಮೇಲೆ ಮಗುಚಿ ಇಡುತ್ತಿದ್ದೆ. ಸಾಲ ವಸೂಲಿಯವರಿಂದ ದಿನಕ್ಕೆ ಹದಿನೈದು ಇಪ್ಪತ್ತು ಕರೆ. ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಕಾಲೇಜು ನಂಬಿಕೊಂಡು 2019ರಲ್ಲಿ ಸಾಲ ಮಾಡಿ ದೊಡ್ಡ ಮಷಿನ್ ತಂದಿದ್ದೆ. ಮುಂದಿನ ವರ್ಷ ಕಾಲೇಜುಗಳೇ ಬಾಗಿಲು ಹಾಕಿದವು.

ಒಂದು ರಾತ್ರಿ ಹೆಂಡತಿ ಉದ್ದ ನೋಟ್‌ಬುಕ್ ತಂದು ಮುಂದಿಟ್ಟಳು. "ಒಟ್ಟು ಎಷ್ಟಿದೆ ಅಂತ ಬರೀರಿ" ಅಂದಳು. ಅದುವರೆಗೆ ನಾನು ಕೂಡಿಸಿಯೇ ನೋಡಿರಲಿಲ್ಲ. ಮಷಿನ್ ಸಾಲ 2,60,000. ಬ್ಯಾಂಕಿನ ಪರ್ಸನಲ್ ಲೋನ್ 1,35,000. ಎರಡು ಕ್ರೆಡಿಟ್ ಕಾರ್ಡ್, 84,000 ಮತ್ತು 41,000. ಸೊಸೈಟಿಯಲ್ಲಿ ಅವಳ ಸರ ಅಡ ಇಟ್ಟಿದ್ದು 90,000. ಸೋದರಮಾವನ ಕೈಸಾಲ ಒಂದು ಲಕ್ಷ. ಪೇಪರ್ ಅಂಗಡಿಯ ಉದ್ರಿ 32,000. ಬರೆದು ಮುಗಿಸಿದಾಗ ಹೆದರಿಕೆ ಹೆಚ್ಚಾಗುತ್ತದೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ರಾತ್ರಿ ನಿದ್ದೆ ಬಂತು.

ಮಾರನೇ ದಿನ ಪ್ರತಿ ಸಾಲದ ಪಕ್ಕ ಬಡ್ಡಿಯನ್ನು ನಮ್ಮ ರೂಪಾಯಿ ಲೆಕ್ಕದಲ್ಲಿ ಬರೆದೆ, ನೂರಕ್ಕೆ ತಿಂಗಳಿಗೆ ಎಷ್ಟು ಅಂತ. ಚಿನ್ನಕ್ಕೆ ಒಂದು ರೂಪಾಯಿಗಿಂತ ಕಡಿಮೆ. ಪರ್ಸನಲ್ ಲೋನ್‌ಗೆ ರೂಪಾಯಿ ಚಿಲ್ಲರೆ, ಮಷಿನ್‌ಗೆ ಒಂದೂವರೆ. ಕಾರ್ಡಿಗೆ ಮೂರೂವರೆ! ಮೂರು ರೂಪಾಯಿ ಬಡ್ಡಿಗೆ ದುಡ್ಡು ಕೊಡುವವರ ಬಗ್ಗೆ ಊರಲ್ಲಿ ಏನೇನು ಮಾತಾಡುತ್ತೇವೆ, ಕಾರ್ಡಿಗೆ ಮಾತ್ರ ಸುಮ್ಮನೆ ಕಟ್ಟುತ್ತಿದ್ದೆ. ದೊಡ್ಡ ಕಾರ್ಡಿನ ಮಿನಿಮಮ್ ಡ್ಯೂ, ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, 4,200. ಅದರಲ್ಲಿ ಬಡ್ಡಿ 2,940, ಬಡ್ಡಿಯ ಮೇಲೆ ಜಿಎಸ್‌ಟಿ ಐನೂರು ಚಿಲ್ಲರೆ. ಅಸಲಿಗೆ ಹೋಗುತ್ತಿದ್ದದ್ದು ಏಳುನೂರು ಚಿಲ್ಲರೆ ಅಷ್ಟೆ.

ಎಲ್ಲರೂ ಕೇಳುತ್ತಿದ್ದದ್ದು ಕೂಡಿಸಿದರೆ ತಿಂಗಳಿಗೆ 25,000. ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್, ಹೆಂಡತಿಯ ಬ್ಲೌಸ್ ಹೊಲಿಗೆ ಎಲ್ಲ ಸೇರಿ ಬರುತ್ತಿದ್ದದ್ದು 34,000. ಬಾಡಿಗೆ, ರೇಷನ್, ಮಗನ ಫೀಸು ಕಳೆದರೆ ಉಳಿಯುವುದು 18,000. ನಾನು ಮಾಡಿದ ದೊಡ್ಡ ಕೆಲಸ ಏನಾದರೂ ಇದ್ದರೆ ಅದು ಈ 18,000ವನ್ನು ಎಲ್ಲರಿಗೂ ಒಂದೇ ರೀತಿ ಹೇಳಿದ್ದು. ಅದಕ್ಕೆ ಮೊದಲು ಬ್ಯಾಂಕಿನವರಿಗೆ ಒಂದು, ಏಜೆಂಟರಿಗೆ ಒಂದು, ಮಾವನಿಗೆ ಇನ್ನೊಂದು ಹೇಳುತ್ತಿದ್ದೆ.

ಆ ವರ್ಷದ ಮೇ 5ರಂದು ರಿಸರ್ವ್ ಬ್ಯಾಂಕು ಕೋವಿಡ್‌ನಿಂದ ಸಿಕ್ಕಿಬಿದ್ದ ವ್ಯಕ್ತಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ಸಾಲ ಮರುಹೊಂದಾಣಿಕೆ, ಅಂದರೆ ಕಂತು ಇಳಿಸಿ ಅವಧಿ ಹೆಚ್ಚಿಸುವುದು, ಮಾಡಿಕೊಡಲು ಸಾಲ ಕೊಟ್ಟವರಿಗೆ ಅವಕಾಶ ಕೊಟ್ಟಿತ್ತು. ಸೆಪ್ಟೆಂಬರ್ 30ರವರೆಗೆ ಗಡುವು. ಕರೆ ಮಾಡಿದವರು ಯಾರೂ ಇದನ್ನು ಹೇಳಲಿಲ್ಲ, ಅಂಗಡಿಗೆ ನಕಲು ತೆಗೆಸಲು ಬಂದ ಬ್ಯಾಂಕ್ ಗುಮಾಸ್ತರೊಬ್ಬರು ಹೇಳಿದರು. ಜುಲೈನಲ್ಲಿ ಒಂದು ಪುಟದ ಅರ್ಜಿ ಬರೆದೆ: ಆದಾಯ ಇಷ್ಟು, ಖರ್ಚು ಇಷ್ಟು, ಯಾರಿಗೆ ಎಷ್ಟು ಕೊಡುತ್ತಿದ್ದೇನೆ, ನಿಮಗೆ ಎಷ್ಟು ಕೊಡಬಲ್ಲೆ, ಯಾವ ತಾರೀಖು. ಅಳು ಗೋಳು ಒಂದು ಸಾಲೂ ಇಲ್ಲ. ಜೊತೆಗೆ ಆರು ತಿಂಗಳ ಪಾಸ್‌ಬುಕ್ ಪ್ರತಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ.

ಮಷಿನ್ ಸಾಲದ ಕಂತು 11,800 ಇದ್ದದ್ದು 7,200ಕ್ಕೆ ಇಳಿಯಿತು. 27 ತಿಂಗಳು ಬಾಕಿ ಇದ್ದದ್ದು 52 ಆಯಿತು. ಹೆಚ್ಚುವರಿ ಬಡ್ಡಿ ಸುಮಾರು 56,000 ಅಂತ ಗೊತ್ತಿದ್ದೇ ಒಪ್ಪಿಕೊಂಡೆ. ಪರ್ಸನಲ್ ಲೋನ್‌ನವರು ಮೊದಲು "ಆಗಲ್ಲ ಸರ್" ಅಂದರು, ಮೂರನೇ ಸಲ ಹೋದಾಗ 42 ತಿಂಗಳಿಗೆ 4,100 ಮಾಡಿಕೊಟ್ಟರು. ಆಟೋ ಡೆಬಿಟ್ ತಾರೀಖನ್ನೂ 5ರಿಂದ 12ಕ್ಕೆ ಹಾಕಿಸಿದೆ. ನನ್ನ ಕೈಗೆ ದುಡ್ಡು ಬರುವುದೇ ಹತ್ತರ ನಂತರ. ಈ ಒಂದು ವಾರದ ವ್ಯತ್ಯಾಸಕ್ಕೆ ಎಷ್ಟು ಬೌನ್ಸ್ ಚಾರ್ಜ್ ಕಟ್ಟಿದ್ದೆನೋ, ಸಾಲ ಕೊಟ್ಟವರಿಗೊಮ್ಮೆ, ಖಾತೆ ಇದ್ದ ಬ್ಯಾಂಕಿಗೊಮ್ಮೆ.

ಬೈಕ್ ಮಾರಿ ಬಂದ 43,000ದಲ್ಲಿ ಸಣ್ಣ ಕಾರ್ಡು ಮುಗಿಸಿದೆ. ದೊಡ್ಡ ಕಾರ್ಡಿಗೆ ಅವರೇ ಒಂದು ಆಸೆ ತೋರಿಸಿದರು: "38,000 ಒಂದೇ ಸಲ ಕಟ್ಟಿ ಸರ್, ಸೆಟಲ್ ಮಾಡಿಬಿಡೋಣ." ಬಾಯಲ್ಲಿ ನೀರೂರಿತು. ಆದರೆ ಹಾಗೆ ಮುಗಿಸಿದರೆ, ನಮ್ಮ ಸಾಲಗಳ ದಾಖಲೆಯಾದ ಸಿಬಿಲ್ ವರದಿಯಲ್ಲಿ 'ಕ್ಲೋಸ್ಡ್' (ಪೂರ್ತಿ ತೀರಿದೆ) ಅನ್ನುವ ಬದಲು 'ಸೆಟಲ್ಡ್' (ಕಡಿಮೆ ಕಟ್ಟಿ ಮುಗಿಸಿದ್ದು) ಅಂತ ವರ್ಷಗಟ್ಟಲೆ ಕೂತಿರುತ್ತದೆ. ಅಂಗಡಿ ನಡೆಸುವವನು ನಾಳೆ ಮತ್ತೆ ಬ್ಯಾಂಕಿಗೇ ಹೋಗಬೇಕು. ಬೇಡವೆಂದು 24 ಕಂತಿಗೆ ಇಎಂಐ ಮಾಡಿಸಿಕೊಂಡೆ, ತಿಂಗಳಿಗೆ 4,194. ದುಡಿಮೆಯೇ ಇಲ್ಲದವರು ಸೆಟಲ್ ಮಾಡಿಕೊಂಡರೆ ಅದು ತಪ್ಪು ಅಂತ ನಾನು ಹೇಳಲಾರೆ. ದುಡ್ಡು ಕಟ್ಟುವ ಮೊದಲು ಅವರು ಒಪ್ಪಿದ್ದಕ್ಕೆ ಪತ್ರ ಕೈಗೆ ಬಂದಿರಬೇಕು, ಅಷ್ಟೆ. ನಿಮ್ಮ ಪರವಾಗಿ ನಾವು ಮಾತಾಡುತ್ತೇವೆ, ಮೊದಲು ಫೀಸ್ ಕಟ್ಟಿ ಅಂತ ಒಂದು ಕಂಪನಿಯವರೂ ಬಂದಿದ್ದರು. ಫೀಸ್ ಕಟ್ಟುವ ದುಡ್ಡಿದ್ದರೆ ಅದೇ ಒಂದು ಕಂತಾಗುತ್ತಿತ್ತಲ್ಲ.

ಎಡವಿದ್ದೂ ಇದೆ. ಮೊದಮೊದಲು ಒಬ್ಬ ವಸೂಲಿ ಹುಡುಗ ಅಂಗಡಿಗೆ ಬಂದು, "ಅಣ್ಣಾ, ಐದು ಸಾವಿರ ಕೊಡಿ, ಈ ತಿಂಗಳು ನಾನು ನೋಡ್ಕೋತೀನಿ" ಅಂದ. ಪಾಪ ಅನ್ನಿಸಿ ನಗದಾಗಿ ಕೊಟ್ಟೆ. ರಸೀದಿ ಕೇಳಲಿಲ್ಲ. ದುಡ್ಡು ಖಾತೆಗೆ ಬರಲೇ ಇಲ್ಲ, ಹುಡುಗನೂ ಕೆಲಸ ಬಿಟ್ಟಿದ್ದ. ದಿನಕ್ಕೆ ಸಾವಿರ ನಕಲು ತೆಗೆಯುವ ನನ್ನ ಹತ್ತಿರ ಆ ಒಂದು ಚೀಟಿ ಇರಲಿಲ್ಲ! ಆಮೇಲೆ ನಗದು ಯಾರಿಗೂ ಕೊಟ್ಟಿಲ್ಲ, ಬಾಯಿಮಾತಿಗೆ ಹೂಂ ಅಂದಿಲ್ಲ. "ಇಮೇಲ್ ಕಳಿಸಿ" ಅನ್ನುವುದು ಅಭ್ಯಾಸವಾಯಿತು.

ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಅಂತ 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ಅದಾದ ಮೇಲೂ ಒಮ್ಮೆ ರಾತ್ರಿ ಒಂಬತ್ತಕ್ಕೆ ಕರೆ ಬಂತು. ಜಗಳ ಆಡಲಿಲ್ಲ. ನಂಬರ್, ಸಮಯ ಬರೆದು ಸಾಲ ಕೊಟ್ಟವರ ದೂರು ಅಧಿಕಾರಿಗೆ ಇಮೇಲ್ ಹಾಕಿದೆ. 30 ದಿನದಲ್ಲಿ ಸರಿಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದೂ ಬರೆದೆ. ಅಲ್ಲಿಗೆ ನಿಂತಿತು.

ಎಲ್ಲಕ್ಕಿಂತ ಕಷ್ಟವಾದದ್ದು ಸೋದರಮಾವನ ಮನೆ ಮೆಟ್ಟಿಲು ಹತ್ತಿದ್ದು. ವರ್ಷದಿಂದ ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ನೋಟ್‌ಬುಕ್ಕನ್ನೇ ಬಿಚ್ಚಿ ತೋರಿಸಿ, "ಮಾವ, ಎರಡು ವರ್ಷ ನಿಮಗೆ ಒಂದು ಪೈಸೆ ಕೊಡೋಕಾಗಲ್ಲ" ಅಂದೆ. ಕನ್ನಡಕ ಹಾಕಿಕೊಂಡು ಪುಟವೆಲ್ಲ ಓದಿದರು. "ದುಡ್ಡು ಯಾವಾಗ್ಲಾದ್ರೂ ಕೊಡಪ್ಪ. ಫೋನ್ ಮಾಡಿದ್ರೆ ಎತ್ತು" ಅಂದರು. ಕಾರ್ಡಿನ ಕಂತು 2023ರ ಜುಲೈಗೆ ಮುಗಿಯಿತು. ಆಗಸ್ಟ್‌ನಿಂದ ತಿಂಗಳಿಗೆ ನಾಲ್ಕು ಸಾವಿರದಂತೆ 25 ತಿಂಗಳು ಅವರಿಗೆ ಕೊಟ್ಟೆ. ಪೇಪರ್ ಅಂಗಡಿಯವರಿಗೆ ಶನಿವಾರ ಶನಿವಾರ 250. ಅವರು ಒಮ್ಮೆಯೂ ನೆನಪಿಸಬೇಕಾಗಿ ಬರಲಿಲ್ಲ.

ಮುಗಿದ ಮೇಲೂ ಕೆಲಸ ಇರುತ್ತದೆ. ಕಾರ್ಡ್ ಮುಚ್ಚಲು ಬರೆದು ಕೊಡಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಅವರು ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ. ಪರ್ಸನಲ್ ಲೋನ್ 2025ರ ಜನವರಿಯಲ್ಲಿ ತೀರಿತು. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಸಿಬಿಲ್ ವರದಿ ತೆಗೆದರೆ ಇನ್ನೂ 4,100 ಬಾಕಿ ಅಂತ ತೋರಿಸುತ್ತಿತ್ತು. ಬಾಕಿ ಇಲ್ಲ ಅನ್ನುವ ನೋ ಡ್ಯೂ ಪತ್ರ ಲಗತ್ತಿಸಿ ದೂರು ಹಾಕಿದೆ, ತಿಂಗಳೊಳಗೆ ಸರಿಯಾಯಿತು.

ಮಷಿನ್ ಸಾಲದ ಕೊನೆಯ ಕಂತು 2025ರ ನವೆಂಬರ್‌ನಲ್ಲಿ ಹೋಯಿತು. ಉಳಿದಿರುವುದು ಹೆಂಡತಿಯ ಸರ ಒಂದೇ. ಮೊನ್ನೆ ಸೊಸೈಟಿಗೆ ಹೋಗಿದ್ದಾಗ ಕೌಂಟರಿನ ಹುಡುಗಿ, "ಚಿನ್ನದ ರೇಟ್ ಏರಿದೆ ಸರ್, ಇದರ ಮೇಲೆ ಇನ್ನೂ ಒಂದು ಲಕ್ಷ ಆರಾಮಾಗಿ ಸಿಗುತ್ತೆ, ಬರೆದುಕೊಳ್ಳಲಾ?" ಅಂದಳು. ಪಕ್ಕದಲ್ಲಿದ್ದ ಹೆಂಡತಿ ಬ್ಯಾಗಿನಿಂದ ನೋಟ್‌ಬುಕ್ ತೆಗೆದು, "ಅದೆಲ್ಲ ಬೇಡಮ್ಮ, ಅಸಲಿಗೆ ಒಂಬತ್ತು ಸಾವಿರ ಕಟ್ಟಿಸಿಕೊ. ರಸೀದಿ ಕೊಡು" ಅಂದಳು.