ಓಹಿಯೋ ಕಣಿವೆಯ ನಕ್ಷೆ: ಬಣ್ಣ ಬಳಿಯುವ ಮೊದಲು

ಪಿಟ್ಸ್‌ಬರ್ಗ್‌ನಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಅವರು ಬೆಳೆಯುತ್ತಿರುವ ಊರಿನ ಕಥೆಯನ್ನು ಕನ್ನಡದಲ್ಲೇ ಹೇಳೋಣ ಅಂತ ಒಂದು ನಕ್ಷೆ ಮಾಡಲು ಕೂತೆ. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವ ಹಾಗೆ ಇಲ್ಲಿ ಅಲೆಗೆನಿ, ಮೊನೊಂಗಹೀಲಾ ಸೇರಿ ಓಹಿಯೋ ನದಿಯಾಗುತ್ತದೆ. ಈ ಸಂಗಮಕ್ಕಾಗಿಯೇ ಫ್ರೆಂಚರು, ಬ್ರಿಟಿಷರು ಹೊಡೆದಾಡಿದರು.

ಮೊದಲ ನಕ್ಷೆಗೆ ಎರಡೇ ಬಣ್ಣ. ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಕೆಂಪು. ಗೋಡೆಗೆ ಅಂಟಿಸಿ ನೋಡಿದರೆ ಮನಸ್ಸು ಒಪ್ಪಲಿಲ್ಲ. ಅಷ್ಟಗಲ ನೀಲಿ ಬಳಿದಿದ್ದೆ, ಆದರೆ ಅಲ್ಲಿ ಫ್ರೆಂಚರು ಇದ್ದದ್ದು ಬೆರಳೆಣಿಕೆಯ ಕೋಟೆಗಳಲ್ಲಿ. ಅದು ಅವರು ತಮ್ಮದು ಅಂದ ನೆಲ, ಬಾಳಿದ ನೆಲ ಅಲ್ಲ.

ಅದನ್ನು ತೆಗೆದು ಟ್ರೇಸಿಂಗ್ ಪೇಪರ್ ತಂದೆ. ತಳದ ಹಾಳೆಯಲ್ಲಿ ನದಿಗಳು ಮಾತ್ರ. ಅದರ ಮೇಲಿನ ಹಾಳೆಯಲ್ಲಿ 1750ರ ಹೊತ್ತಿನ ಮೂಲನಿವಾಸಿಗಳ ಊರುಗಳು. ಕೋಟೆಗಳಿಗೆ ತೆಗೆದು ಅಂಟಿಸುವ ಸ್ಟಿಕ್ಕರ್. ರಾಜರ ಹಕ್ಕಿನ ಗೆರೆಗಳಿಗೆ ಬರೀ ಪೆನ್ಸಿಲ್ ಚುಕ್ಕಿ. ಜನ ಮನೆ ಕಟ್ಟಿ ಮೆಕ್ಕೆಜೋಳ ಬೆಳೆದ ಕಡೆ ಮಾತ್ರ ಬಣ್ಣ ಅಂತ ನಿಯಮ ಮಾಡಿಕೊಂಡೆ.

ಊರುಗಳ ಹಾಳೆಗೇ ಎರಡು ವಾರ ಹಿಡಿಯಿತು. ಒಂದೊಂದು ಜನಾಂಗಕ್ಕೆ ಒಂದೊಂದು ಬಣ್ಣ ಕೊಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ಲೆನಾಪೆಗಳು ಪೂರ್ವದ ಡೆಲವೇರ್ ನದಿಯ ಕಡೆಯಿಂದ ಬಂದವರು. 1737ರಲ್ಲಿ ಪೆನ್ಸಿಲ್ವೇನಿಯಾದವರು ಮೋಸದಿಂದ ಅಲ್ಲಿನ ಅವರ ನೆಲ ಕಿತ್ತುಕೊಂಡಿದ್ದರು. ಶಾನಿಗಳು, ಸೆನೆಕಾಗಳೂ ಇಲ್ಲಿ ನೆಲೆಸಿದ್ದರು. ಲೆನಾಪೆಗಳು, ಶಾನಿಗಳು ನಮ್ಮ ಕೈಕೆಳಗಿನವರು ಅಂತ ಇರೊಕ್ವಾ ಒಕ್ಕೂಟದ ವಾದ. ಸೆನೆಕಾ ಸೇರಿ ಆರು ಜನಾಂಗಗಳ ಒಕ್ಕೂಟ ಅದು. ಲಾಗ್ಸ್‌ಟೌನ್‌ನಂಥ ಊರಲ್ಲಿ ಹಲವು ಜನಾಂಗದವರು ಒಟ್ಟಿಗೇ ಇದ್ದರು. ಕೊನೆಗೆ ಎಲ್ಲ ಊರಿಗೂ ಒಂದೇ ಬಣ್ಣದ ಚುಕ್ಕೆ ಇಟ್ಟು, ಅಲ್ಲಿದ್ದವರ ಹೆಸರಿನ ಮೊದಲಕ್ಷರ ಬರೆದೆ.

ಆಮೇಲೆ ಪೆನ್ಸಿಲ್ ಹಿಡಿದೆ. 1749ರಲ್ಲಿ ಸೆಲೊರೊನ್ ಎಂಬ ಫ್ರೆಂಚ್ ಅಧಿಕಾರಿ ಕೆನಡಾದಿಂದ 200ಕ್ಕೂ ಹೆಚ್ಚು ಜನರ ಜೊತೆ ದೋಣಿಗಳಲ್ಲಿ ಬಂದ. ನದಿಗಳು ಕೂಡುವಲ್ಲಿ ಸೀಸದ ತಗಡು ಹೂಳುತ್ತಾ, ಈ ನೆಲ 15ನೇ ಲೂಯಿಯದು ಅಂತ ಸಾರುತ್ತಾ ಹೋದ. ಅದೇ ವರ್ಷ ವರ್ಜೀನಿಯಾದ ಓಹಿಯೋ ಕಂಪನಿಗೆ ಬ್ರಿಟನ್ ಕಡೆಯಿಂದ 2,00,000 ಎಕರೆ ಮಂಜೂರಾಯಿತು. ಚುಕ್ಕೆಗಳಲ್ಲಿದ್ದ ಜನರನ್ನು ಇಬ್ಬರೂ ಕೇಳಲಿಲ್ಲ. ಒಂದು ತಗಡು ಇರೊಕ್ವಾಗಳ ಕೈಗೆ ಸಿಕ್ಕಿತು. ಅವರು ಅದನ್ನು ತಮ್ಮ ಜೊತೆ ಬ್ರಿಟಿಷರ ಪರವಾಗಿ ವ್ಯವಹರಿಸುತ್ತಿದ್ದ ವಿಲಿಯಂ ಜಾನ್ಸನ್ ಹತ್ತಿರ ಒಯ್ದು, ಏನು ಬರೆದಿದೆ ಅಂತ ಕೇಳಿದರು. ಇನ್ನೊಂದು 1798ರಲ್ಲಿ ಮಸ್ಕಿಂಗಮ್ ನದಿಯ ಹತ್ತಿರ ಹುಡುಗರಿಗೆ ಸಿಕ್ಕಿತು. ಅವರು ಅದರಲ್ಲಿ ಸ್ವಲ್ಪ ಕರಗಿಸಿ ಗುಂಡು ಮಾಡಿಕೊಂಡರು. ಮಕ್ಕಳಿಗೆ ಈ ತಗಡಿನ ಕಥೆ ಬಹಳ ಇಷ್ಟ.

ನನ್ನನ್ನು ಕಾಡುವುದು ಲೆನಾಪೆ ನಾಯಕ ಶಿಂಗಸ್‌ನ ಪ್ರಶ್ನೆ. ಫ್ರೆಂಚರನ್ನು ಓಡಿಸಲು ನಾವು ನೆರವಾದರೆ ನಮ್ಮನ್ನು ಈ ನೆಲದಲ್ಲಿ ಬದುಕಲು ಬಿಡುತ್ತೀರಾ ಅಂತ 1755ರಲ್ಲಿ ಬ್ರಿಟಿಷ್ ಸೇನಾಪತಿ ಬ್ರಾಡಕ್‌ನನ್ನು ಕೇಳಿದನಂತೆ. ಈ ನೆಲ ಕಾಡುಜನಕ್ಕೆ ಸೇರುವುದಿಲ್ಲ ಅಂದನಂತೆ ಬ್ರಾಡಕ್. ಶಿಂಗಸ್‌ನ ಸೆರೆಯಲ್ಲಿದ್ದವನೊಬ್ಬ ಇದನ್ನು ಅವನ ಬಾಯಿಂದಲೇ ಕೇಳಿ ಹೇಳಿದ್ದು. ಅದೇ ಜುಲೈನಲ್ಲಿ ಬ್ರಾಡಕ್ ಮೊನೊಂಗಹೀಲಾ ದಂಡೆಯಲ್ಲಿ ಸೋತು, ಗಾಯಗೊಂಡು ಸತ್ತ. ಅವನನ್ನು ಎದುರಿಸಿದವರಲ್ಲಿ ಫ್ರೆಂಚರಿಗಿಂತ ಮೂಲನಿವಾಸಿ ಯೋಧರೇ ಜಾಸ್ತಿ.

1758ರಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ ಬ್ರಿಟಿಷರಿಗೂ ಮೂಲನಿವಾಸಿಗಳಿಗೂ ಒಪ್ಪಂದವಾಯಿತು. ಅಪಲಾಚಿಯನ್ ಬೆಟ್ಟಗಳ ಆಚೆಯ ನೆಲ ಬಿಟ್ಟುಕೊಡುತ್ತೇವೆ ಅಂದಿತು ಪೆನ್ಸಿಲ್ವೇನಿಯಾ. ಓಹಿಯೋದ ಜನ ಫ್ರೆಂಚರ ಕೈಬಿಟ್ಟರು. ನವೆಂಬರ್‌ನಲ್ಲಿ ಫ್ರೆಂಚರು ಸಂಗಮದ ತಮ್ಮ ಕೋಟೆಗೆ ತಾವೇ ಬೆಂಕಿಯಿಟ್ಟು ಹೊರಟರು. ಅಲ್ಲಿಯೇ ಬ್ರಿಟಿಷರು ಅದಕ್ಕಿಂತ ದೊಡ್ಡ ಕೋಟೆ ಕಟ್ಟಿದರು. ಈ ಹಂತದಲ್ಲಿ ನೀಲಿ ಸ್ಟಿಕ್ಕರ್ ಕಿತ್ತು ದೊಡ್ಡ ಕೆಂಪು ಸ್ಟಿಕ್ಕರ್ ಅಂಟಿಸುವ ಕೆಲಸ ಮಕ್ಕಳದ್ದು. ಫ್ರಾನ್ಸ್ ಈ ನೆಲವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟ 1763ರ ಪ್ಯಾರಿಸ್ ಒಪ್ಪಂದಕ್ಕೆ ಬಂದಾಗ ಉಳಿದ ನೀಲಿಯನ್ನೂ ಕೀಳುತ್ತಾರೆ. ಪ್ಯಾರಿಸ್‌ಗೆ ಇಲ್ಲಿನ ಯಾರನ್ನೂ ಕರೆದಿರಲಿಲ್ಲ. ಅದೇ ವರ್ಷ ಒಡಾವಾ ಜನಾಂಗದ ನಾಯಕ ಪಾಂಟಿಯಾಕ್ ಮತ್ತಿತರರು ಬ್ರಿಟಿಷರ ವಿರುದ್ಧ ತಿರುಗಿಬಿದ್ದರು. ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ರಾಜ ಬೆಟ್ಟದ ಸಾಲಿನುದ್ದಕ್ಕೂ ಗಡಿ ಎಳೆದು, ವಸಾಹತಿನವರು ಯಾರೂ ಅದರಾಚೆ ನೆಲೆಸಬಾರದು ಅಂದ.

1768ರ ಹಾಳೆ ಮಾಡುವಾಗ ನನ್ನ ನಿಯಮವೇ ತಪ್ಪು ಅಂತ ಗೊತ್ತಾಯಿತು. ಆ ವರ್ಷ ಸ್ಟಾನ್‌ವಿಕ್ಸ್ ಕೋಟೆಯಲ್ಲಿ ಇರೊಕ್ವಾಗಳು ಓಹಿಯೋ ನದಿಯ ದಕ್ಷಿಣದ ನೆಲವನ್ನು ಬ್ರಿಟಿಷರಿಗೆ ಬರೆದುಕೊಟ್ಟರು. ಅಲ್ಲಿ ಬೇಟೆಯಾಡುತ್ತಿದ್ದವರು ಶಾನಿಗಳು. ಅವರ ಊರುಗಳು ನದಿಯ ಉತ್ತರಕ್ಕಿದ್ದವು. ಹಾಗಾಗಿ ದಕ್ಷಿಣದ ಅಷ್ಟೂ ಜಾಗ ನನ್ನ ನಕ್ಷೆಯಲ್ಲಿ ಖಾಲಿ ಬಿದ್ದಿತ್ತು. ಯಾರದ್ದೂ ಅಲ್ಲ ಅನ್ನುವ ಹಾಗೆ! ಬೇಟೆಯ ಕಾಡಿಗೆ, ಕಾಲುದಾರಿಗಳಿಗೆ ಅಂತ ಇನ್ನೊಂದು ಹಾಳೆ ಮಾಡಿ ಹಸಿರು ಬಳಿದೆ. ಈಗ ಅದನ್ನು ನದಿಗಳ ಹಾಳೆಯ ಮೇಲೆ, ಊರುಗಳಿಗಿಂತ ಮೊದಲೇ ಇಡುತ್ತೇನೆ.