ಸೋರುವ ತಾರಸಿಗೆ ಇಬ್ಬರು ಮಾಲೀಕರು

ನಮ್ಮ ವಿಚ್ಛೇದನದ ಒಪ್ಪಂದದಲ್ಲಿ ಮನೆಯ ಬಗ್ಗೆ ಇದ್ದದ್ದು ಎರಡೇ ವಾಕ್ಯ. ಮಗಳ ಓದು ಮುಗಿಯುವ ತನಕ ನಾನೂ ಅವಳೂ ಅಲ್ಲಿರಬೇಕು. ಆಮೇಲೆ ಮಾರಿ, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳಬೇಕು. ನಡುವಿನ ವರ್ಷಗಳಲ್ಲಿ ಮನೆಗೂ ವಯಸ್ಸಾಗುತ್ತದೆ ಎಂಬುದು ನಮಗೂ ಹೊಳೆಯಲಿಲ್ಲ, ವಕೀಲರಿಗೂ ಹೊಳೆಯಲಿಲ್ಲ. ‘ರಿಪೇರಿ ಖರ್ಚು ಇಬ್ಬರದು’ ಎಂಬ ಸಾಲೊಂದು ಇದ್ದಿದ್ದರೂ ಸಾಲುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಯಾವುದು ರಿಪೇರಿ ಎಂಬುದರಲ್ಲೇ ಜಗಳವಿರುವುದು.

ಎರಡನೇ ಮಳೆಗಾಲದಲ್ಲಿ ಮಲಗುವ ಕೋಣೆಯ ಚಾವಣಿಯಲ್ಲಿ ಹಳದಿ ಕಲೆ ಮೂಡಿತು. ಮೇಸ್ತ್ರಿಯನ್ನು ಕರೆಸಿ, ಬಿರುಕಿಗೆ ಸಿಮೆಂಟು ಮೆತ್ತಿಸಿ, ಬಿಲ್ಲಿನ ಫೋಟೋವನ್ನು ‘ನಿಮ್ಮ ಅರ್ಧ ಕಳಿಸಿ’ ಎಂದು ಮಾಜಿ ಪತಿಗೆ ರವಾನಿಸಿದೆ. ‘ನನ್ನನ್ನು ಕೇಳಿ ಮಾಡಿಸಿದೆಯಾ?’ ಎಂದು ಉತ್ತರ ಬಂತು. ಮೈಯೆಲ್ಲ ಉರಿಯಿತು. ಆದರೆ ಎರಡೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ನೀರು ತೊಟ್ಟಿಕ್ಕಿದಾಗ, ಆ ಬಿಲ್ಲಿಗೆ ಅವರು ಹಣ ಕೊಡದಿದ್ದದ್ದೇ ಸರಿ ಎಂದು ಒಪ್ಪಬೇಕಾಯಿತು.

ಎರಡನೇ ಸಲ ಮೊದಲು ಫೋಟೋ ತೆಗೆದೆ. ಏನಾಗಿದೆ, ಹಾಗೇ ಬಿಟ್ಟರೆ ಏನಾಗುತ್ತದೆ, ಯಾವ ದಿನದೊಳಗೆ ಉತ್ತರ ಬೇಕು ಎಂದು ಮೂರು ಸಾಲು ಬರೆದೆ. ಹಳೆಯ ಕಥೆ ಒಂದಕ್ಷರವೂ ಇಲ್ಲ. ಜೊತೆಗೆ ಇಬ್ಬರು ಮೇಸ್ತ್ರಿಗಳ ಅಂದಾಜು ಪಟ್ಟಿ. ವಿದ್ಯುತ್ ತಂತಿಯ ಮೇಲೆ ನೀರು ಸುರಿಯುವಂಥ ಗಂಡಾಂತರವಾದರೆ ಮಾತ್ರ ಮೊದಲು ಮೇನ್ ಸ್ವಿಚ್ ಆರಿಸಿ, ನೀರು ನಿಲ್ಲಿಸಿ, ಅದೇ ದಿನ ತಿಳಿಸಿದರೆ ಸಾಕು ಎಂದು ಮೊದಲೇ ಮಾತಾಡಿಕೊಂಡೆವು.

ಹೊಸ ಮೇಸ್ತ್ರಿ ತಾರಸಿಯ ಕೊಳವೆಯ ಬಾಯಿ ಮುಚ್ಚಿ ಎರಡು ಬೆರಳಿನಷ್ಟು ನೀರು ನಿಲ್ಲಿಸಿ ಒಂದು ದಿನ ಕಾದರು. ಕಲೆ ಇದ್ದ ಜಾಗಕ್ಕೂ ನೀರು ಇಳಿಯುವ ಜಾಗಕ್ಕೂ ಸಂಬಂಧವೇ ಇರಲಿಲ್ಲ: ಮೂಲೆಯ ಪ್ಯಾರಪೆಟ್, ಅಂದರೆ ತಾರಸಿಯ ಅಂಚಿನ ಗಿಡ್ಡ ಗೋಡೆಯ ಬುಡದಲ್ಲಿ ವಾಟರ್‌ಪ್ರೂಫಿಂಗ್ ಪದರ ಬಿಟ್ಟುಕೊಂಡಿತ್ತು. ಮೊದಲೇ ಕೊಳವೆಯಲ್ಲಿ ಒಣಎಲೆ ಕಟ್ಟಿಕೊಂಡು ಅಲ್ಲಿ ನೀರು ನಿಲ್ಲುತ್ತಿತ್ತು ಕೂಡ. ‘ತಾರಸಿ ಗುಡಿಸುವುದು ಯಾರ ಕೆಲಸ?’ ಎಂದು ಮಾಜಿ ಪತಿ ಕೇಳಿದರು. ಮನೆಯಲ್ಲಿರುವವಳು ನಾನು. ಉತ್ತರ ನನಗೆ ಗೊತ್ತಿತ್ತು, ಹೇಳಲು ಮಾತ್ರ ಮನಸ್ಸಿರಲಿಲ್ಲ.

ಮೊತ್ತವನ್ನು ಸೀಳುವ ಬದಲು ಕಾರಣವನ್ನು ಸೀಳಬೇಕೆಂದು ಹೊಳೆದದ್ದು ಆಗಲೇ. ಒಂದೇ ಬಿಲ್ಲನ್ನು ತುಂಡುತುಂಡಾಗಿ ಬರೆದುಕೊಡಲು ಮೇಸ್ತ್ರಿಗೆ ಹೇಳಿದೆ. ಕೊಳವೆ ಸ್ವಚ್ಛಗೊಳಿಸಿದ ಕೂಲಿ ನನ್ನದು. ಪದರ ಹೊಸದಾಗಿ ಹಾಕಿಸಿದ್ದು, ಚಾವಣಿಯ ಗಿಲಾವು, ಅದರ ಮೇಲಿನ ಬಣ್ಣ ಅರ್ಧರ್ಧ. ಇದೇ ನೆಪದಲ್ಲಿ ಕೋಣೆಯ ಗೋಡೆಗಳಿಗೆಲ್ಲ ನನಗಿಷ್ಟವಾದ ಬಣ್ಣ ಬಳಿಸಿದೆ. ಅದು ಪೂರ್ತಿ ನನ್ನ ಖರ್ಚು. ಅವರವರ ಪಾಲನ್ನು ಅವರವರೇ ನೇರವಾಗಿ ಮೇಸ್ತ್ರಿಗೆ ಕೊಡುವುದೆಂದಾಯಿತು. ನಮ್ಮಿಬ್ಬರ ನಡುವೆ ಹಣ ಓಡಾಡದೆ ಇದ್ದದ್ದು ಎಷ್ಟೋ ಮಾತನ್ನು ಉಳಿಸಿತು.

ಮುಂದಿನ ವರ್ಷ ಕೊಳಾಯಿ ಪೈಪು ಒಡೆದಾಗ ಅವರ ಕೈಯಲ್ಲಿ ಹಣವಿರಲಿಲ್ಲ. ಪೂರ್ತಿ ನಾನೇ ಕೊಟ್ಟು, ಮನೆ ಮಾರಿದಾಗ ಮುರಿದುಕೊಳ್ಳುವುದೆಂದು ಇಬ್ಬರೂ ಸಹಿ ಹಾಕಿದೆವು. ಇಲ್ಲೊಂದು ಲೆಕ್ಕದ ಗುಂಡಿಯಿದೆ. ಖರ್ಚು ನೂರು ಎಂದುಕೊಳ್ಳಿ. ‘ಅವರ ಪಾಲು ಐವತ್ತು’ ಎಂದು ಮಾರಿದ ಹಣದಿಂದ ಮೊದಲು ಐವತ್ತನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಹಂಚಿದರೆ ನಾನು ಮೋಸಹೋಗುತ್ತೇನೆ, ಏಕೆಂದರೆ ಆ ಐವತ್ತರಲ್ಲೂ ಅರ್ಧ ನನ್ನದೇ. ಕೊನೆಗೆ ನನ್ನ ತಲೆಗೆ ಎಪ್ಪತ್ತೈದು, ಅವರ ತಲೆಗೆ ಇಪ್ಪತ್ತೈದು. ಹಂಚುವ ಮೊದಲೇ ಪೂರ್ತಿ ನೂರನ್ನು ತೆಗೆದುಕೊಳ್ಳಬೇಕು, ಇಲ್ಲವೇ ಹಂಚಿದ ಮೇಲೆ ಅವರ ಭಾಗದಿಂದ ಐವತ್ತು ಪಡೆಯಬೇಕು. ನಮ್ಮ ಕಾಗದದಲ್ಲಿ ಮೊದಲು ತಪ್ಪಾಗಿಯೇ ಬರೆದಿತ್ತು. ಅದನ್ನು ಹಿಡಿದದ್ದು ಮಗಳು.

ಈಗ ನೀರಿನ ಪಂಪು ಕೆಟ್ಟಿದೆ. ದಿನವೂ ಬಳಸಿ ಸವೆಸಿದವರು ಕೊಡಬೇಕು ಎಂದು ಅವರು, ಮನೆಯ ಜೊತೆಗೇ ಮಾರಾಟವಾಗುವ ವಸ್ತು ಎಂದು ನಾನು. ಅಂದಾಜು ಪಟ್ಟಿ ಕಳಿಸಿದ್ದೇನೆ. ಉತ್ತರಕ್ಕೆ ಶುಕ್ರವಾರದವರೆಗೆ ಸಮಯವಿದೆ.