ನರಿ, ಬೆಕ್ಕು ದಾಟದ ಬೇಲಿ ಹಾಕುವುದು ಹೇಗೆ?

ಆಸ್ಟ್ರೇಲಿಯಾದಲ್ಲಿ ಸ್ವಂತ ಕುರುಚಲು ಕಾಡನ್ನು ವನ್ಯಧಾಮ ಮಾಡಹೊರಟವರ ಹಣವನ್ನೆಲ್ಲ ನುಂಗುವುದು ಬೇಲಿ. ಯುರೋಪಿನವರು ತಂದುಬಿಟ್ಟ ನರಿ, ಬೆಕ್ಕುಗಳು ಒಳಗಿದ್ದರೆ ಬಿಲ್ಬಿ, ಬೆಟಾಂಗ್‌ಗಳಂಥ ಸಣ್ಣ ಪ್ರಾಣಿಗಳು ಉಳಿಯವು.

ಮೊದಲು ಪರವಾನಗಿ. ವನ್ಯಪ್ರಾಣಿಗಳನ್ನು ತಂದು ಬಿಡಲು ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಬೇಲಿಯ ಸಾಲಿಗೆ ಗಿಡ ಕಡಿಯುವ ನಿಯಮವನ್ನೂ ವಿಚಾರಿಸಿಕೊಳ್ಳಿ. ನಂತರ ದಾರಿ ಬಿಡಿಸಿ, ಬೇಲಿಯತ್ತ ಚಾಚಿದ ಕೊಂಬೆಗಳನ್ನು ತೆಗೆಸಿ.

ಕಂಬ ಒಳಬದಿಗೆ, ಜಾಲರಿ ಹೊರಬದಿಗೆ, ಎತ್ತರ 1.8 ಮೀಟರ್. ಕೆಳಭಾಗಕ್ಕೆ 30 ಮಿ.ಮೀ. ಕಣ್ಣಿನ ಜಾಲರಿಯೇ ಆಗಬೇಕು. 40 ಮಿ.ಮೀ.ಯದರಲ್ಲಿ, ಯುರೋಪಿನಿಂದಲೇ ಬಂದ ಮೊಲಗಳ ಮರಿಗಳು ನುಸುಳುತ್ತವೆ.

ಹೆಚ್ಚಿನವರು ಎಡವುವುದು ಮೇಲ್ತುದಿಯಲ್ಲಿ. ಅಲ್ಲಿ ಇನ್ನೂ 60 ಸೆಂ.ಮೀ. ಜಾಲರಿ ಹೊರಕ್ಕೆ ಬಾಗಿ ಸಡಿಲವಾಗಿ ನಿಲ್ಲಬೇಕು. ಬಿಲ್ಲಿನಂತೆ ಬಗ್ಗಿಸಿದ ಸ್ಪ್ರಿಂಗ್ ತಂತಿಯ ಆಸರೆ ಅದಕ್ಕೆ ಸಾಕು. ಬೆಕ್ಕು ಹತ್ತಿ ಅಲ್ಲಿಗೆ ಕೈ ಹಾಕಿದರೆ ಅಂಚು ಅದರ ಭಾರಕ್ಕೆ ಕುಸಿಯುತ್ತದೆ, ಹಿಡಿತ ಸಿಗದೆ ಕೆಳಗೆ ಬೀಳುತ್ತದೆ. ಜೋಲುತ್ತಿದೆಯಲ್ಲ, ಚೆನ್ನಾಗಿ ಕಾಣಲಿ ಎಂದು ಅಂಚಿಗೊಂದು ತಂತಿ ಎಳೆದು ಬಿಗಿದಿರೋ, ಬೆಕ್ಕಿಗೆ ನೀವೇ ಏಣಿ ಕಟ್ಟಿಕೊಟ್ಟಂತೆ! ಚೂಪು ಮೂಲೆಗಳೂ ಬೇಡ. ಎರಡು ಬದಿಗೂ ಕಾಲು ಕೊಟ್ಟು ಅದು ಮೇಲೇರುತ್ತದೆ. ಬೇಲಿಯನ್ನು ಅಗಲವಾಗಿ ತಿರುಗಿಸಿ. ಆಗದಿದ್ದರೆ ಮೂಲೆಗೆ ನುಣುಪಾದ ತಗಡು ಹೊಡೆಸಿ.

ಬುಡದಲ್ಲಿ ಜಾಲರಿಯ ಸೆರಗು ನೆಲದ ಮೇಲೆ ಹೊರಕ್ಕೆ 30ರಿಂದ 60 ಸೆಂ.ಮೀ. ಹಾಸಿರಲಿ. ತಂತಿಯ ಗೂಟ ಬಡಿದು ಕಲ್ಲು ಹೇರಿ. ನರಿ ತೋಡುವುದು ಬೇಲಿಯ ಬುಡಕ್ಕೇ, ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಅಪರೂಪ. ಸೆರಗು ಮತ್ತು ಗೋಡೆ ಜಾಲರಿ ಸೇರುವಲ್ಲಿ ಕ್ಲಿಪ್ ಒತ್ತೊತ್ತಾಗಿರಲಿ. ಉಪ್ಪು ಮಣ್ಣಿನಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲೇ.

ವಿದ್ಯುತ್ ತಂತಿ ಹೆಚ್ಚುವರಿ ಕಾವಲು ಮಾತ್ರ. ಹುಲ್ಲು ತಾಗಿದರೂ ಶಕ್ತಿ ಸೋರುತ್ತದೆ. ಮುಳ್ಳುತಂತಿಯಂತೂ ಬೇಡವೇ ಬೇಡ, ಬಾವಲಿಗಳು, ಮರದಿಂದ ಮರಕ್ಕೆ ತೇಲಿ ಹೋಗುವ ಗ್ಲೈಡರ್ ಎಂಬ ಪ್ರಾಣಿಗಳು ಸಿಕ್ಕಿಕೊಂಡು ಸಾಯುತ್ತವೆ.

ಗೇಟಿನ ಕೆಳಗೆ ಕಾಂಕ್ರೀಟ್ ಹೊಸ್ತಿಲು. ಒಂದರ ಹಿಂದೆ ಒಂದು, ಎರಡು ಗೇಟ್ ಇದ್ದರೆ ಇನ್ನೂ ಒಳ್ಳೆಯದು.

ಬೇಲಿ ಮುಗಿದ ಮೇಲೆ ಒಳಗಿರುವ ನರಿ, ಬೆಕ್ಕು, ಮೊಲಗಳನ್ನು ಪೂರ್ತಿ ತೆಗೆಯಬೇಕು. ನರಿ ‘1080’ ಎಂಬ ಹೆಸರಿನ ವಿಷ ಹಾಕಿದ ಮಾಂಸ ತಿನ್ನುತ್ತದೆ. ಬೆಕ್ಕಿಗೆ ಜೀವಂತ ಬೇಟೆಯೇ ಇಷ್ಟ, ವಿಷವನ್ನಷ್ಟೇ ನಂಬಿ ಕೂರಬೇಡಿ. ಬೋನು, ಕ್ಯಾಮೆರಾ ಇಡಿ, ದಾರಿಯಲ್ಲಿ ಮರಳು ಹಾಸಿ ಹೆಜ್ಜೆ ನೋಡಿ. ಒಂದೇ ಒಂದು ಬೆಕ್ಕು ಉಳಿದಿದ್ದರೂ ಪ್ರಾಣಿಗಳನ್ನು ಬಿಡಬೇಡಿ.

ಬಿರುಗಾಳಿ ಬೀಸಿದ ಮರುದಿನ ಬೆಳಿಗ್ಗೆಯೇ ಸುತ್ತು ಹಾಕಿ. ಕೊಂಬೆ ಬಿದ್ದ ಜಾಗವನ್ನಷ್ಟೇ ಅಲ್ಲ, ಹಳ್ಳ ದಾಟುವಲ್ಲಿ ನೀರು ಕೊರೆದ ಬುಡವನ್ನೂ ನೋಡಿ.